ಅಡುಗೆಮನೆಯ ಹಿಂದಿನ ತಿಪ್ಪೆ

ಅಮೆರಿಕಕ್ಕೆ ಹೋಗಿ ಏನು ನೋಡಿಕೊಂಡು ಬಂದಿರಿ ಮೇಡಂ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ತಿಪ್ಪೆ ನೋಡಿಕೊಂಡು ಬಂದೆ. ನಗುತ್ತಾರೆ. ಮದ್ದೂರಿನ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು, ಏನೋ ತಮಾಷೆ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಕೆಂಪು ಸೇತುವೆಯ ಫೋಟೋ ಎಲ್ಲಿ ಎನ್ನುತ್ತಾರೆ. ಸೇತುವೆಯನ್ನೂ ನೋಡಿದೆ. ಮಂಜು ಮುಚ್ಚಿತ್ತು, ಕಂಬದ ಬುಡ ಕಂಡಿತು, ಗಾಳಿಗೆ ಕಿವಿ ನೋಯಿತು. ಅದರ ಬಗ್ಗೆ ಹೇಳುವುದಕ್ಕೆ ಇಷ್ಟೇ ಇರುವುದು. ತಿಪ್ಪೆಯ ಬಗ್ಗೆ ಹೇಳುವುದು ಬಹಳ ಇದೆ, ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ಲೆಸೆಂಟನ್

ನನ್ನ ತಂಗಿ ಪದ್ಮ ಮದುವೆಯಾಗಿ ಆ ದೇಶ ಸೇರಿದವಳು. ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಮನೆ ಇರುವುದು ಪ್ಲೆಸೆಂಟನ್ನಿನಲ್ಲಿ. ಅವಳ ಗಂಡ ರಮೇಶ್ ಬೆಂಗಳೂರಿನವರು, ಇಂಜಿನಿಯರು, ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಕನ್ನಡ ಬಳಗದ ಅಧ್ಯಕ್ಷರು. ಹೆಚ್ಚಾಗಿ ಎಂದು ಯಾಕೆ ಹೇಳಿದೆನೆಂದರೆ, ಇಂಜಿನಿಯರ್ ಕೆಲಸದ ಬಗ್ಗೆ ಅವರು ಬಾಯಿಬಿಟ್ಟದ್ದನ್ನು ನಾನು ಕೇಳಲೇ ಇಲ್ಲ. ರಾಜ್ಯೋತ್ಸವಕ್ಕೆ ಯಾರಿಗೆ ಶಾಲು, ಯುಗಾದಿಗೆ ಯಾರ ಮನೆಯಿಂದ ಒಬ್ಬಟ್ಟು, ಸಭಾಂಗಣ ಬುಕ್ ಮಾಡುವವರು ಯಾರು, ಬರೀ ಇದೇ. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ನಾಲ್ಕು ಮಾತು ಬೈದು ನಾನು ಹಗುರವಾಗುತ್ತಿದ್ದೆ.

ಆ ಬೀದಿಯಲ್ಲಿ ಮನುಷ್ಯರನ್ನು ನೋಡಬೇಕಾದರೆ ನಾಯಿ ಸಾಕಬೇಕು. ಗ್ಯಾರೇಜಿನ ಬಾಗಿಲು ತೆರೆಯುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ, ಅಲ್ಲಿಗೆ ಆ ಮನೆಯವರ ದರ್ಶನ ಮುಗಿಯಿತು. ನಾಯಿ ಇದ್ದವರು ಮಾತ್ರ ಸಂಜೆ ಹೊರಗೆ ಬರುತ್ತಾರೆ, ಅದು ಮಾಡಿದ್ದನ್ನು ಚೀಲದಲ್ಲಿ ಭಕ್ತಿಯಿಂದ ತುಂಬಿಕೊಳ್ಳುತ್ತಾರೆ, ನಮ್ಮನ್ನು ನೋಡಿ ಹಲ್ಲು ಬಿಡುತ್ತಾರೆ. ಒಬ್ಬರು ನನ್ನನ್ನು ದಿನಾ "ಹೇಗಿದ್ದೀರಿ" ಎಂದು ಕೇಳುತ್ತಿದ್ದರು. ಮೊದಲ ದಿನ ನಾನು ಮಂಡಿನೋವಿನ ವಿಷಯ ಶುರುಮಾಡಿದೆ. ತಿರುಗಿ ನೋಡಿದರೆ ಆಸಾಮಿ ಮುಂದಿನ ತಿರುವಿನಲ್ಲಿದ್ದರು.

ಕಸಕ್ಕೆ ಅಲ್ಲಿ ಇರುವ ಮರ್ಯಾದೆ ಮನುಷ್ಯರಿಗಿಲ್ಲ. ಮನೆಗೆ ಮೂರು ಡಬ್ಬ, ಮೂರು ಬಣ್ಣ. ಕರಿಬೇವಿನ ಕಡ್ಡಿಯನ್ನು ನೀಲಿ ಡಬ್ಬಕ್ಕೆ ಹಾಕಿದೆನೆಂದು ಪದ್ಮ ನನ್ನನ್ನು, ಅವಳಿಗೆ ಜಡೆ ಹಾಕಿ ಬೆಳೆಸಿದ ಅಕ್ಕನನ್ನು, ಗದರಿದಳು. "ಅಕ್ಕಾ, ಅದು ಹಸಿರಿಗೆ ಹೋಗ್ಬೇಕು. ಮಿಕ್ಸ್ ಮಾಡಿದ್ರೆ ಲೋಡ್ ಪೂರ್ತಿ ವೇಸ್ಟು." ನಾನು ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ರಮೇಶ್ ಸೋಫಾದಲ್ಲಿ ಕೂತು, "ಅವಳಿಗೆ ಕಸದ ಮೇಲೆ ಪಿಎಚ್‌ಡಿ ಅಕ್ಕಾ, ಭಾನುವಾರ ನೋಡ್ತೀರಲ್ಲ," ಎಂದು ನಕ್ಕರು.

ಗುಡ್ಡ

ಭಾನುವಾರವಾದರೆ ಪದ್ಮ ಹಸಿರು ಟೋಪಿ ಹಾಕಿಕೊಂಡು ಪಕ್ಕದ ಊರಿನ ಒಂದು ಗುಡ್ಡಕ್ಕೆ ಹೋಗುತ್ತಾಳೆ. ಅಲ್ಲಿ ಮೊದಲು ಬಂದು ನೆಲೆಸಿದ ಬಿಳಿಯರ ಒಂದು ಕುಟುಂಬದ ಹಾಳುಮನೆ ಇದೆ. ಬಂದವರಿಗೆ ಅದನ್ನು ತೋರಿಸಿ ವಿವರಿಸುವುದು ಅವಳ ಸೇವೆ. ಸಂಬಳವಿಲ್ಲ, ಟೋಪಿ ಮಾತ್ರ ಪಾರ್ಕಿನವರದು. ನಾನೂ ಹೊರಟೆ. ಹುಲ್ಲು ಒಣಗಿ ಹಳದಿಯಾದ ಗುಡ್ಡ, ದಾರಿಯುದ್ದಕ್ಕೂ ನಮ್ಮ ನೀಲಗಿರಿ ಮರ. ಸಾವಿರಾರು ಮೈಲಿ ಹಾರಿ ಬಂದು ಮದ್ದೂರು ಕೆರೆ ಏರಿಯ ಮರದ ಕೆಳಗೆ ನಿಂತ ಹಾಗಾಯಿತು.

ಮೇಲೆ ಹೋಗಿ ನೋಡಿದರೆ ಕಲ್ಲಿನ ಒಂದು ಒಲೆಗೂಡು, ಹೊಗೆ ಹೋಗುವ ಗೋಪುರ ಮುರಿದು ನಿಂತದ್ದು. ಎರಡು ಕಡೆ ಹಸಿ ಇಟ್ಟಿಗೆಯ ಮೊಣಕಾಲುದ್ದದ ಗೋಡೆ. ಒಂದು ಮುದಿ ಅಂಜೂರದ ಮರ. ಸುತ್ತ ಕಬ್ಬಿಣದ ಬೇಲಿ, ಬೀಗ.

"ಇದಾ?" ಎಂದೆ.

"ಇದೇ ಕಣಕ್ಕಾ."

"ಇದಕ್ಕಾ ಇಷ್ಟು ಬಂದೋಬಸ್ತು? ನಮ್ಮ ಹಿತ್ತಲಿನ ಒರಳುಕಲ್ಲು ಇದರ ಮುತ್ತಜ್ಜಿ ವಯಸ್ಸಿಂದು ಕಣೆ."

"ಇರ್ಬೋದು. ಆದ್ರೆ ನಮ್ಮೂರಲ್ಲಿ ವೀರಗಲ್ಲನ್ನ ಚರಂಡಿ ಮೇಲೆ ಹಾಸಿದ್ದಾರಲ್ಲ, ಅವ್ರಿಗಿಂತ ಇವ್ರು ವಾಸಿ ಅಲ್ವಾ?"

ಆ ಚರಂಡಿಯನ್ನು ದಾಟಿಯೇ ನಾನು ದಿನಾ ಶಾಲೆಗೆ ಹೋಗುತ್ತಿದ್ದದ್ದು. ನಮ್ಮ ಕಡೆ ಮನೆಯೊಂದು ಬಿದ್ದರೆ ಮೊದಲು ಬಾಗಿಲುವಾಡ ಹೋಗುತ್ತದೆ, ಆಮೇಲೆ ಹೆಂಚು, ಆಮೇಲೆ ತಳಪಾಯದ ಕಲ್ಲು, ಕೊನೆಗೆ ಆ ಮನೆಯವರ ಹೆಸರು. ಇಲ್ಲಿ ಹೆಸರು ಒಂದನ್ನು ಭದ್ರವಾಗಿ ಇಟ್ಟುಕೊಂಡಿದ್ದಾರೆ. ಬಂದವರು ಒಲೆಗೂಡಿನ ಮುಂದೆ ಟೋಪಿ ತೆಗೆದು ನಿಲ್ಲುತ್ತಾರೆ.

ಆ ಮನೆತನದ ಮರಿಮಗಳು ಡೊರೊತಿ ಎಂಬ ಮುದುಕಿ, ಮಡಚುವ ಕುರ್ಚಿ ಹಾಕಿಕೊಂಡು ಅಂಜೂರದ ನೆರಳಿನಲ್ಲಿ ಕೂತಿದ್ದರು. ನನ್ನ ಸೀರೆ ಮುಟ್ಟಿ ನೋಡಿ ಮೆಚ್ಚಿದರು. ತಮ್ಮ ಮುತ್ತಜ್ಜ ಎತ್ತಿನ ಗಾಡಿಯಲ್ಲಿ ಬಂದದ್ದು, ಮುತ್ತಜ್ಜಿ ಹಾವು ಹೊಡೆದದ್ದು, ಎಲ್ಲ ಹೇಳಿದರು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಾಗದ ಅಂಟಿಸಿತ್ತು. ಸ್ಮಾರಕವೆಂದು ಘೋಷಿಸಿ ನಿಲ್ಲಿಸಲಿರುವ ಹೊಸ ಬೋರ್ಡಿನ ಕರಡು ಅದು. 'ಈ ಕುಟುಂಬ ಯಾರ ನೆರವೂ ಇಲ್ಲದೆ, ತಮ್ಮ ಕೈಯಾರೆ ಈ ಮನೆಯನ್ನು ಕಟ್ಟಿ ಬಾಳಿತು' ಎಂದು ಅದರ ತಿರುಳು. ಅವರಿಗಿಂತ ಮೊದಲು ಆ ನೆಲದಲ್ಲಿದ್ದ ಜನರ ಪಾಲಿಗೆ ಮೂಲೆಯಲ್ಲಿ ಒಂದು ಸಾಲು ಬಿಟ್ಟಿದ್ದರು. ಪಾಠದ ಕೊನೆಗೆ 'ಇತರ ವಿಷಯಗಳು' ಎಂದು ನಾವು ಹಾಕುತ್ತಿದ್ದೆವಲ್ಲ, ಹಾಗೆ.

ಪದ್ಮ ನನ್ನನ್ನು ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಅಡುಗೆಮನೆ ಇದ್ದ ಜಾಗ. ಅದರ ಹಿಂದೆ ಬೂದುಬಣ್ಣದ ಒಂದು ಸಣ್ಣ ದಿಬ್ಬ, ಮೇಲೆ ಮುಳ್ಳುಹುಲ್ಲು. ಒಡೆದ ಬಾಟಲಿಯ ಕುತ್ತಿಗೆ, ತುಕ್ಕು ಹಿಡಿದ ಡಬ್ಬ, ಮೂಳೆ, ಚಿಪ್ಪು ಇಣುಕುತ್ತಿದ್ದವು.

"ತಿಪ್ಪೆ," ಎಂದೆ.

"ತಿಪ್ಪೇನೇ. ಇಲ್ಲಿ ನೋಡು. ಮುಟ್ಬೇಡ!"

ಬೂದಿಯ ನಡುವೆ ಒಂದು ಬಟ್ಟಲಿನ ಚೂರು. ತೆಳು ಹಸಿರು ಛಾಯೆಯ ಪಿಂಗಾಣಿ, ಮೇಲೆ ನೀಲಿ ಬಣ್ಣದ ಎರಡು ಎಳೆ. ಬಗ್ಗಿದವಳು ಹಾಗೇ ಮೊಣಕಾಲೂರಿ ಕೂತು ಪದ್ಮ ಹೇಳಿದಳು. ಒಂದು ಸಲ ಡೊರೊತಿ ಮಾತಿನ ಮಧ್ಯೆ, ಅಜ್ಜಿಯ ಕಾಲದಲ್ಲಿ ಅಡುಗೆಮನೆಯಲ್ಲಿ ಒಬ್ಬ ಚೀನಾದವನಿದ್ದನಂತೆ, ಹಣ್ಣಿನ ಕಡುಬು ಬಹಳ ಚೆನ್ನಾಗಿ ಮಾಡುತ್ತಿದ್ದನಂತೆ ಎಂದಿದ್ದರು. ಹೆಸರು? ಗೊತ್ತಿಲ್ಲ. ಎಷ್ಟು ವರ್ಷ ಇದ್ದ? ಬಹಳ ವರ್ಷವಂತೆ. ಅಷ್ಟೇ. ಅಲ್ಲಿಂದ ಪದ್ಮಳಿಗೆ ಒಂದೇ ಹಠ: ಬೋರ್ಡಿನಲ್ಲಿ ಒಂದು ಸಾಲು ಬೇಕು. ಹೆಸರು ಗೊತ್ತಿಲ್ಲದ ಒಬ್ಬ ಚೀನೀ ಅಡುಗೆಯವನು ಇಲ್ಲಿ ಬಾಳಿದ ಎಂದು. ಊರಿನ ಸ್ಮಾರಕ ಸಮಿತಿಯವರು ಕೇಳಿದ ಮಾತನ್ನು ಒಪ್ಪಲಿಲ್ಲ. ಸಾಕ್ಷಿ ಬೇಕು, ಅದು ನೆಲದಲ್ಲಿ ಇದ್ದಲ್ಲೇ ಸಿಗಬೇಕು ಎಂದರು. ಹಾಗಾಗಿ ಅವಳು ಚೂರನ್ನು ಎತ್ತಲಿಲ್ಲ. ಫೋಟೋ ತೆಗೆದು, ಮೇಲೆ ಹುಲ್ಲು ಸರಿಸಿ, ಯಾರಾದರೂ ತಿಳಿದವರು ಬಂದು ಅಗೆಯಲಿ ಎಂದು ಕಾಯುತ್ತಿದ್ದಳು.

ನನಗೆ ಆಗ ಇದೆಲ್ಲ ಸ್ವಲ್ಪ ಅತಿಯೆನಿಸಿತು. ಸತ್ತು ಎಷ್ಟೋ ಕಾಲವಾದ, ನಮ್ಮವನೂ ಅಲ್ಲದ ಅಡುಗೆಯವನಿಗಾಗಿ ಇವಳೇಕೆ ಬಿಸಿಲಿನಲ್ಲಿ ಮೊಣಕಾಲೂರಬೇಕು?

ಬರ್ಕ್ಲಿ, ಓಕ್ಲ್ಯಾಂಡ್

ಬುಧವಾರ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಹೋದೆವು. ಅಲ್ಲಿಯ ಹುಡುಗರು ಹುಲ್ಲಿನ ಮೇಲೆ ಅಂಗಾತ ಮಲಗಿ ಓದುತ್ತಾರೆ. ಒಬ್ಬಳು ಬರಿಗಾಲಿನಲ್ಲಿ ಕಾಲೇಜಿನೊಳಗೆ ನಡೆದುಹೋದಳು. ಚಪ್ಪಲಿ ಇಲ್ಲದೆ ಬಂದ ಮಕ್ಕಳ ಹೆಸರನ್ನು ಹಾಜರಿಯಲ್ಲಿ ಕೂಗಿದ ನೆನಪು ನನಗೆ. ಇವಳಿಗೆ ಅದೊಂದು ಶೋಕಿ. ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಕೈಕೊಟ್ಟಿತು. ಒಂದು ಕಟ್ಟೆಯ ಮೇಲೆ ಕೂತೆ. ಅದು ಕಟ್ಟೆಯಲ್ಲ, ಯಾರೋ ಮಾಡಿಟ್ಟ ಶಿಲ್ಪವಂತೆ. ಕಾವಲುಗಾರ ಬಂದು ಕ್ಷಮೆ ಕೇಳಿಕೊಂಡು ನನ್ನನ್ನು ಎಬ್ಬಿಸಿದ.

ಚೂರಿನ ಫೋಟೋ ತೋರಿಸಲು ನಾವು ಹುಡುಕಿಕೊಂಡು ಹೋದ ಸಂಶೋಧಕಿಯ ಹೆಸರು ಎಲೆನಾ. ಹಳೆಯ ವಸತಿಗಳ ನೆಲ ಅಗೆದು ಓದುವುದು ಅವಳ ವಿದ್ಯೆ. ಮಾತಾಡುತ್ತಲೇ ಒಂದು ಸೇಬನ್ನು ಬೀಜ, ತೊಟ್ಟು ಸಮೇತ ತಿಂದು ಮುಗಿಸಿದಳು. ಪದ್ಮಳ ಫೋಟೋ ದೊಡ್ಡದು ಮಾಡಿ ನೋಡಿದವಳು ನೆಟ್ಟಗೆ ಕೂತಳು. ಚೀನಾದಿಂದ ಬಂದ ಕೂಲಿಗಳು, ಅಡುಗೆಯವರು ಇಂಥ ಬಟ್ಟಲಿನಲ್ಲೇ ಉಣ್ಣುತ್ತಿದ್ದರು, ಆದರೆ ಒಂದು ಚೂರು ಸಾಲದು ಎಂದಳು. ಅದು ಯಾವ ಪದರದಲ್ಲಿದೆ, ಜೊತೆಗೆ ಏನೇನಿದೆ, ಎಲ್ಲವನ್ನೂ ಇದ್ದ ಹಾಗೇ ನೋಡಬೇಕು. "ಗೋಡೆಯನ್ನು ಜನ ಇನ್ನೊಬ್ಬರು ನೋಡಲಿ ಎಂದು ಕಟ್ಟುತ್ತಾರೆ. ಕಸವನ್ನು ಯಾರೂ ಹಾಗೆ ಎಸೆಯುವುದಿಲ್ಲ, ಅದಕ್ಕೇ ನಾನು ಕಸವನ್ನು ನಂಬುತ್ತೇನೆ," ಎಂದಳು. ಸೋಮವಾರ ಸಮಿತಿಯವರು ಗುಡ್ಡಕ್ಕೆ ಬರುವಾಗ ತಾನೂ ಬಂದು, ದಿಬ್ಬ ನೋಡಿ, ಅಗೆಯಲು ಶಿಫಾರಸು ಮಾಡುವುದಾಗಿ ಒಪ್ಪಿದಳು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಎರಡು ಸಲ ಹೇಳಿದಳು.

ಮರಳುವಾಗ ಪದ್ಮ ಓಕ್ಲ್ಯಾಂಡಿನ ಚೀನೀ ಬೀದಿಯಲ್ಲಿ ಕಾರು ನಿಲ್ಲಿಸಿದಳು. ಬಂದರಿನ ದೊಡ್ಡ ಕ್ರೇನುಗಳು ಮನೆಗಳ ಮೇಲಿಂದ ಕಾಣುತ್ತಿದ್ದವು. ಒಂದು ಸಣ್ಣ ಹೋಟೆಲಿನಲ್ಲಿ ತರಕಾರಿ ಹಾಕಿದ ಶಾವಿಗೆ ತಿಂದೆವು. ಉಪ್ಪು ಕಡಿಮೆ ಇತ್ತು, ನಾನು ಹೇಳಿದೆ. ಅವಳು ತಿನ್ನುವ ಕಡ್ಡಿಗಳನ್ನು ಬಟ್ಟಲಿನ ಮೇಲಿಟ್ಟು ಬೇರೇನೋ ಹೇಳಿದಳು.

"ಅಕ್ಕಾ, ನಾನು ಇಲ್ಲಿಗ್ ಬಂದ ಹೊಸದ್ರಲ್ಲಿ ನಂಗೆ ಕೆಲ್ಸ ಮಾಡೋಕೆ ಪರ್ಮಿಟ್ ಇರ್ಲಿಲ್ಲ. ಅವ್ರು ಇನ್ನೂ ಓದ್ತಿದ್ರು. ಒಬ್ರು ಡಾಕ್ಟ್ರ ಮನೇಲಿ ಗ್ಯಾರೇಜ್ ಪಕ್ಕದ ರೂಮ್ ಕೊಟ್ಟಿದ್ರು. ಕನ್ನಡದವ್ರೇ. ಬಾಡಿಗೆ ಬೇಡ, ನಿಮ್ಮ ಹೆಂಡ್ತಿ ಅಡುಗೆ ಮಾಡ್ಲಿ ಅಂದ್ರು."

"ಅಡುಗೇನಾ?"

"ಎರಡು ವರ್ಷ. ಎರಡು ಹೊತ್ತು. ಪಾರ್ಟಿ ಇದ್ದಾಗ ನಲವತ್ತು ಜನಕ್ಕೆ. ಗೆಸ್ಟ್ ಬಂದಾಗ ನಾನು ಹಾಲಿಗೆ ಬರೋ ಹಂಗಿಲ್ಲ. ಹೋದ ವರ್ಷ ಅವ್ರ ಐವತ್ತನೇ ಆನಿವರ್ಸರಿಗೆ ಒಂದು ಪುಸ್ತಕ ಮಾಡಿದ್ರು, ಆ ಮನೆ ಕಥೆ ಎಲ್ಲಾ ಇತ್ತು. ತೋಟದಲ್ಲಿ ದಾಳಿಂಬೆ ನೆಟ್ಟಿದ್ದು ಕೂಡ. ನಮ್ಮ ಬಳಗದವ್ರೇ ಸ್ಟೇಜ್ ಮೇಲೆ ಬಿಡುಗಡೆ ಮಾಡಿದ್ರು."

ಬಿಡುಗಡೆ ಮಾಡಿದವರು ಯಾರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಎರಡು ವರ್ಷ ನಮ್ಮಮ್ಮ ಮದ್ದೂರಿನ ಬೀದಿಯಲ್ಲೆಲ್ಲ ಪದ್ಮ ಅಮೆರಿಕದಲ್ಲಿ ರಾಣಿಯ ಹಾಗಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದರು. ನನಗೆ ದುಃಖಕ್ಕಿಂತ ಹೆಚ್ಚು ಸಿಟ್ಟು ಬಂತು. ಡಾಕ್ಟರ ಮೇಲೆ, ರಮೇಶರ ಮೇಲೆ, ಒಂದು ಸಲವೂ ಬಾಯಿಬಿಡದ ಅವಳ ಮೇಲೂ.

"ಅವನ ಹೆಸರು ಸಿಕ್ಕಲ್ಲ ಅಕ್ಕಾ, ಗೊತ್ತು. ಆದ್ರೆ ಇದ್ದ ಅಂತಾದ್ರೂ ಇರ್ಲಿ ಅಂತ ನಂಗೆ," ಎಂದಳು ಪದ್ಮ. ಆ ತಿಪ್ಪೆ ನನಗೂ ಬೇಕೆನಿಸಿದ್ದು ಆಗ.

ಶನಿವಾರ

ಶನಿವಾರ ಪದ್ಮಳಿಗೆ ಡ್ಯೂಟಿ. ಅವಳ ಕಾರು ಬೀದಿಯ ತಿರುವು ದಾಟಿದ್ದೇ ತಡ, ರಮೇಶ್ ಅಡುಗೆಮನೆಗೆ ಬಂದರು. ಮುಖದಲ್ಲಿ ಮದುಮಗನ ಕಳೆ.

"ಅಕ್ಕಾ, ಒಂದು ಸರ್ಪ್ರೈಸು. ಪದ್ಮಂಗೆ ಹೇಳ್ಬೇಡಿ. ಸೋಮವಾರ ಅಫಿಷಿಯಲ್ಸ್ ಬರ್ತಿದ್ದಾರಲ್ಲ ಗುಡ್ಡಕ್ಕೆ? ಆ ಜಾಗ ನೋಡಿದ್ದೀರಲ್ಲ, ಮುಳ್ಳು, ಕಳೆ. ಇಂಪ್ರೆಶನ್ ಹೆಂಗ್ ಬರ್ಬೇಕು? ಬಳಗದಿಂದ ಶ್ರಮದಾನ ಇಟ್ಕೊಂಡಿದ್ದೀವಿ. ಪಾರ್ಕಿನವ್ರ ಪರ್ಮಿಶನ್ ತಗೊಂಡಾಗಿದೆ. ಉಪ್ಪಿಟ್ಟು, ಕೇಸರಿಭಾತು ನಿಮ್ಮ ಜವಾಬ್ದಾರಿ."

ಸತ್ಯ ಹೇಳುತ್ತೇನೆ, ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಇನ್ಸ್‌ಪೆಕ್ಟರು ಬರುತ್ತಾರೆಂದರೆ ನಮ್ಮ ಶಾಲೆಯಲ್ಲಿ ಎರಡು ದಿನ ಪಾಠವೇ ಇರುತ್ತಿರಲಿಲ್ಲ. ಮಕ್ಕಳು ಕಸ ಆರಿಸಬೇಕು, ದಾರಿಯ ಕಲ್ಲಿಗೆ ಸುಣ್ಣ ಬಳಿಯಬೇಕು, ಬಾಗಿಲಿಗೆ ಮಾವಿನೆಲೆ ಕಟ್ಟಬೇಕು. ಸಾಹೇಬರು ಬರುವ ಮೊದಲು ಗುಡಿಸುವುದು ನಮ್ಮ ರಕ್ತದಲ್ಲೇ ಇದೆ. ಅವರು ಸುಣ್ಣ ನೋಡಿ, ಕಾಫಿ ಕುಡಿದು, ಸಹಿ ಹಾಕಿ ಹೋಗುತ್ತಿದ್ದರು. ಹಿಂದಿನ ದಿಬ್ಬದ ತಂಟೆಗೆ ಮಾತ್ರ ಹೋಗಬೇಡಿ ಎಂದು ರಮೇಶರಿಗೆ ಹೇಳಬೇಕಿತ್ತು. ಹೆಂಡತಿ ಇಷ್ಟು ತಿಂಗಳಿಂದ ಹೇಳುತ್ತಿರುವುದು ಗಂಡನಿಗೆ ತಿಳಿದಿರುತ್ತದೆ ಎಂದುಕೊಂಡು, ನಾನು ರವೆ ಹುರಿಯಲು ನಿಂತೆ.

ಗುಡ್ಡದ ಮೇಲೆ ಜಾತ್ರೆಯಷ್ಟು ಜನ. ಬೆಂಗಳೂರು, ಮೈಸೂರು, ಮಂಡ್ಯ, ಹಾಸನದವರು. ಹಳದಿ ಕೆಂಪು ಬಾವುಟ, ಮಕ್ಕಳ ಕೈಗೆ ಕೈಚೀಲ. ಪಾರ್ಕಿನ ಒಬ್ಬ ಹುಡುಗಿ ಎಲ್ಲರಿಗೂ ಕೈಗವಸು ಕೊಟ್ಟು, ಗೋಡೆ, ಒಲೆಗೂಡು ಮುಟ್ಟಬಾರದು, ಕಳೆ ಮತ್ತು ಕಸ ಮಾತ್ರ ತೆಗೆಯಿರಿ ಎಂದಳು. ನಮ್ಮವರು ಎಷ್ಟು ವಿಧೇಯರೆಂದರೆ ಗೋಡೆಯಿಂದ ಮಾರು ದೂರ ಹಗ್ಗ ಎಳೆದುಕೊಂಡರು. ಮಾವಿನೆಲೆಯ ತೋರಣವನ್ನೂ ಕಲ್ಲಿಗೆ ತಾಕದ ಹಾಗೆ ಬೇಲಿಗೆ ಕಟ್ಟಿದರು. ಗೋಡೆಯ ಕಡೆ ಕೆಲಸವಿಲ್ಲದ ಮೇಲೆ ಇಷ್ಟೂ ಜನರ ಶಕ್ತಿ ಹೋಗಬೇಕಾದದ್ದೆಲ್ಲಿಗೆ? ನಾನು ಮುಂಭಾಗದ ಅಂಜೂರದ ಮರದ ಕೆಳಗೆ ಕೂತು ಉಪ್ಪಿಟ್ಟಿಗೆ ಉಪ್ಪು ಸಾಕೇ ಎಂದು ಬಂದವರನ್ನೆಲ್ಲ ಕೇಳುತ್ತಿದ್ದೆ. ಪಾರ್ಕಿನ ಹುಡುಗಿ ಕೇಸರಿಭಾತನ್ನು ಎರಡು ಸಲ ಹಾಕಿಸಿಕೊಂಡಳು.

ಕಾಫಿ ತೆಗೆದುಕೊಂಡು ಹಿಂದಕ್ಕೆ ಹೋದಾಗ ಹಾಸನದ ಮಂಜಣ್ಣ ಎಂಬವರು ಗುದ್ದಲಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಅಕ್ಕಾ, ಹೆಂಗೈತೆ ನೋಡಿ. ಇಲ್ಲೊಂದು ದೊಡ್ ತಿಪ್ಪೆ ಇತ್ತು, ಗಾಜು, ತಗಡು, ಮಕ್ಳು ಕಾಲಿಗೆ ಚುಚ್ಕೊಂಡ್ರೆ ಏನ್ ಗತಿ? ಕಣ ಸಾರಿಸ್ದಂಗೆ ಮಾಡ್ಬಿಟ್ವಿ."

ನಿಜ, ಕಣದ ಹಾಗೇ ಇತ್ತು. ದಿಬ್ಬವಿದ್ದ ಜಾಗ ಸಪಾಟು, ಕುಂಟೆ ಎಳೆದ ಗೆರೆಗಳು. ಅದರ ಮೇಲೆ ಯಾರೋ ಹೆಣ್ಣುಮಕ್ಕಳು ದೊಡ್ಡದೊಂದು ರಂಗೋಲಿ ಬಿಟ್ಟಿದ್ದರು, ನಡುವೆ ಅರಿಸಿನ ಕುಂಕುಮ.

"ಅದನ್ನ ಎಲ್ಲಿ ಹಾಕಿದ್ರಿ?" ಎಂದೆ.

"ಟ್ರಕ್ಕಿಗೆ. ಆಗ್ಲೇ ಹೋಯ್ತಲ್ಲ ಅಕ್ಕಾ."

ನಾನು ಕಿರುಚಿದೆನಂತೆ. ಕಾಫಿಯ ಲೋಟಗಳು ಬಿದ್ದವು. ಜನ ಸೇರಿದರು, ಹಾವೇ, ಹಾವೇ ಎಂದು ಕೇಳಿದರು. ರಮೇಶ್ ಓಡಿ ಬಂದರು. ಅವರಿಗೆ ಹೇಳಿದೆ, ಅದೇ ಪದ್ಮಳ ಸಾಕ್ಷಿ, ಅದನ್ನೇ ಸೋಮವಾರ ನೋಡಬೇಕಿದ್ದದ್ದು ಎಂದು. ಅವರ ಮುಖದ ಬಣ್ಣ ಇಳಿದದ್ದನ್ನು ನೋಡಿದೆ. "ಅವಳು ಜಾಗ ಇಂಪಾರ್ಟೆಂಟು ಅಂತಿದ್ಲು ಅಕ್ಕಾ. ನಾನು ಗೋಡೆ ಅಂದ್ಕೊಂಡಿದ್ದೆ," ಎಂದರು. ತಿಂಗಳುಗಟ್ಟಲೆ ಹೆಂಡತಿ ಹೇಳಿದ್ದು ಕೋಣನ ಮುಂದಿನ ಕಿನ್ನರಿಯಾಗಿತ್ತು.

ಪಾರ್ಕಿನ ಹುಡುಗಿ, ಚಿಂತೆ ಮಾಡಬೇಡಿ, ಕಸ ಎಲ್ಲ ಸರಿಯಾದ ಜಾಗಕ್ಕೆ ಹೋಗುತ್ತದೆ ಎಂದು ನಮ್ಮನ್ನು ಸಮಾಧಾನ ಮಾಡಿದಳು. ರಮೇಶ್ ಕಾರು ತೆಗೆದುಕೊಂಡು ಟ್ರಕ್ಕಿನ ಹಿಂದೆ ಹೋದರು. ಸಂಜೆ ಬಂದಾಗ ಪ್ಯಾಂಟು ಮಂಡಿಯವರೆಗೆ ಕೊಳೆಯಾಗಿತ್ತು, ಅಂಗೈ ಕೊಯ್ದಿತ್ತು. ಕಸ ಸುರಿಯುವಲ್ಲಿ ಅಷ್ಟರೊಳಗೆ ಅದರ ಮೇಲೆ ಬೇರೆ ಲಾರಿಗಳು ಸುರಿದಾಗಿತ್ತಂತೆ. ಹುಡುಕಲು ಬಿಡಿ ಎಂದು ಬೇಡಿಕೊಂಡರಂತೆ. ಅಲ್ಲಿಯವರು ಕೊನೆಗೆ ಪೊಲೀಸರನ್ನು ಕರೆಯುತ್ತೇವೆ ಎಂದರಂತೆ.

ಪದ್ಮ ಕೆಲಸದಿಂದ ನೇರ ಗುಡ್ಡಕ್ಕೆ ಹೋಗಿ ಮನೆಗೆ ಬಂದಳು. ನಾನು ಫೋನಿನಲ್ಲಿ ಹೇಳಿದ್ದೆ. ಚಪ್ಪಲಿ ಬಿಟ್ಟು, ಕೈ ತೊಳೆದು, ಊಟದ ಮೇಜಿನ ಮುಂದೆ ಕೂತಳು.

"ರಂಗೋಲಿ ಯಾರು ಹಾಕಿದ್ದು?" ಎಂದಳು.

ರಮೇಶ್ ಕೊಯ್ದ ಅಂಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು.

"ಚೆನ್ನಾಗಿತ್ತು," ಎಂದಳು.

"ನಿನಗೋಸ್ಕರಾನೇ ಮಾಡಿದ್ದು ಕಣೆ ಪದ್ಮಾ," ಎಂದರು ರಮೇಶ್.

"ಗೊತ್ತು ರೀ. ಅದಕ್ಕೇ ಬೈಯೋಕೂ ಆಗ್ತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವಳ ಪಾಲಿನದನ್ನೂ ನಾನೇ ಬೈದೆ. ಡಾಕ್ಟರ ಮನೆಯ ಪುಸ್ತಕದ ವಿಷಯವನ್ನೂ ಎತ್ತಿದೆ. ನಿಮ್ಮ ಹೆಂಡತಿ ಬೇಯಿಸಿ ಹಾಕಿದ ಮನೆಗೆ ಶಾಲು ಹೊದಿಸಿ ಬಂದಿರಲ್ಲ, ನಾಚಿಕೆಯಾಗಲಿಲ್ಲವೇ ಎಂದೆ. ರಮೇಶ್ ತಲೆ ಎತ್ತಲಿಲ್ಲ. "ಆ ಟೈಮನ್ನ ಮರ್ತುಬಿಡೋದು ಅವಳಿಗೇ ಒಳ್ಳೇದು ಅಂದ್ಕೊಂಡಿದ್ದೆ ಅಕ್ಕಾ," ಎಂದರು. ಪದ್ಮ ಎದ್ದು ಅವರ ಅಂಗೈಗೆ ಪಟ್ಟಿ ಕಟ್ಟಿದಳು. ನನ್ನ ಕಡೆ ನೋಡಲಿಲ್ಲ. ಗಂಡಹೆಂಡಿರ ನಡುವೆ ಬಾಯಿ ಹಾಕಿದ ನನಗೂ ಅದು ಬೇಕಿತ್ತು.

ಸೋಮವಾರ

ಸಮಿತಿಯವರು ಬಂದರು. ತೋರಣ ನೋಡಿ ಸಂತೋಷಪಟ್ಟರು, ಅದೇನೆಂದು ಕೇಳಿ ಫೋಟೋ ತೆಗೆದುಕೊಂಡರು. ಈ ಜಾಗ ಇಷ್ಟು ಚೊಕ್ಕವಾಗಿ ಇದ್ದದ್ದನ್ನು ತಾವು ಕಂಡೇ ಇಲ್ಲವೆಂದರು. ಡೊರೊತಿ ಕಣ್ಣಲ್ಲಿ ನೀರು ತಂದುಕೊಂಡು ರಮೇಶರ ಕೈ ಹಿಡಿದು ಅಲುಗಿಸಿದರು. ಪಟ್ಟಿ ಕಟ್ಟಿದ ಕೈ, ಅವರು ನೋವು ನುಂಗಿಕೊಂಡು ನಿಂತಿದ್ದರು.

ಎಲೆನಾ ಹಿಂದಕ್ಕೆ ಹೋಗಿ ಅಳಿದುಳಿದ ರಂಗೋಲಿಯನ್ನು ತುಳಿಯದ ಹಾಗೆ ಕಾಲಿಟ್ಟು ಕೂತಳು. ಬೆರಳಿನಿಂದ ಮಣ್ಣು ಕೆದಕಿದಳು. ಉಗುರಿನಷ್ಟು ಒಂದು ಪಿಂಗಾಣಿ ಚಕ್ಕೆ ಸಿಕ್ಕಿತು, ಅದೇ ಹಸಿರು ಛಾಯೆ. ಪದ್ಮ ಪಕ್ಕಕ್ಕೆ ಬಂದು ಬಗ್ಗಿದಳು. ಎಲೆನಾ ಅದನ್ನು ಅಂಗೈಯಲ್ಲಿ ಉರುಳಿಸಿ ತಲೆಯಾಡಿಸಿದಳು. ಮಣ್ಣು ಬುಡಮೇಲಾಗಿದೆ, ಇದು ಎಲ್ಲಿಂದ ಬಂತು, ಯಾವ ಕಾಲದ್ದು ಎಂದು ಇನ್ನು ಹೇಳಲಾಗದು ಎಂದಳು. ಫೋಟೋ? ಫೋಟೋ ನೋಡಿ ಹೆಚ್ಚೆಂದರೆ ಊಹೆ ಮಾಡಬಹುದು, ಊಹೆಯನ್ನು ಬೋರ್ಡಿನಲ್ಲಿ ಬರೆಯುವುದಿಲ್ಲ. ಅವಳು ಯಾರನ್ನೂ ದೂರಲಿಲ್ಲ, ಯಾಕೆ ಹೀಗಾಯಿತೆಂದೂ ಕೇಳಲಿಲ್ಲ. ರಸ್ತೆಗೆಂದು, ಮಳಿಗೆಗೆಂದು ನೆಲ ಬಗೆದು ದಿನಾ ಇದೇ ಆಗುವುದನ್ನು ನೋಡಿದವಳಂತೆ ಎದ್ದು ಮೊಣಕಾಲು ಕೊಡವಿಕೊಂಡಳು.

ಸಮಿತಿ ಕರಡನ್ನು ಇದ್ದ ಹಾಗೇ ಒಪ್ಪಿತು. ಪದ್ಮ ಕೈ ಎತ್ತಿ, ಅಡುಗೆಯವನ ವಿಷಯ ಡೊರೊತಿಯವರನ್ನೇ ಕೇಳಿ ಎಂದಳು. ಡೊರೊತಿ, ಹೌದು ಹೌದು, ಕಡುಬು ಚೆನ್ನಾಗಿ ಮಾಡುತ್ತಿದ್ದನಂತೆ ಎಂದರು. ಎಲ್ಲರೂ ಮುಗುಳ್ನಕ್ಕರು, ಯಾರೂ ಬರೆದುಕೊಳ್ಳಲಿಲ್ಲ.

ಬೋರ್ಡಿನ ದಿನ

ನಾನು ಊರಿಗೆ ಹೊರಡುವ ಮೊದಲಿನ ಭಾನುವಾರ ಬೋರ್ಡು ನಿಂತಿತು. ಕಂಚಿನದು, ಎರಕ ಹೊಯ್ದದ್ದು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕುಟುಂಬದ ಹೆಸರು, ಕೈಯಾರೆ ಕಟ್ಟಿ ಬಾಳಿದ್ದು, ಎಲ್ಲ ಇತ್ತು. ಅದರ ಕೆಳಗೆ, ಕರಡಿನಲ್ಲಿ ಇಲ್ಲದ ಒಂದು ಹೊಸ ಸಾಲು: ಈ ಸ್ಥಳವನ್ನು ಶ್ರಮದಾನದಿಂದ ಕಾಪಾಡಿದ ಕನ್ನಡ ಬಳಗಕ್ಕೆ ಊರಿನ ಕೃತಜ್ಞತೆಗಳು.

ಒಂದು ಸಾಲಿಗೆ ಜಾಗವಿತ್ತು, ಅದನ್ನು ನಮಗೆ ಕೊಟ್ಟರು.

ಬಳಗದವರು ಹೆಮ್ಮೆಯಿಂದ ಅದರ ಮೇಲೆ ಬೆರಳಾಡಿಸಿದರು. ಪರದೇಶದ ಕಂಚಿನ ಮೇಲೆ ಕನ್ನಡದ ಹೆಸರು. ಮಂಜಣ್ಣ ತಮ್ಮ ತಾಯಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ರಮೇಶ್ ಮಾತ್ರ ಶಾಲು ಬೇಡವೆಂದರು. ಸಮಿತಿಯ ಮುಖ್ಯಸ್ಥರನ್ನು ಪಕ್ಕಕ್ಕೆ ಕರೆದು, ಆ ಸಾಲನ್ನು ತೆಗೆದುಬಿಡಲು ಸಾಧ್ಯವೇ ಎಂದು ಕೇಳಿದರು. ಅವರು ಇದನ್ನು ವಿನಯವೆಂದು ತಿಳಿದು ಬೆನ್ನು ತಟ್ಟಿದರು. ಎರಕ ಹೊಯ್ದಾಗಿದೆ, ಇನ್ನು ತೆಗೆಯುವುದೂ ಇಲ್ಲ, ಸೇರಿಸುವುದೂ ಇಲ್ಲ ಎಂದರು. ರಮೇಶ್ ಬಂದು ನನ್ನ ಪಕ್ಕದಲ್ಲಿ ನಿಂತರು.

ಪದ್ಮ ಹಸಿರು ಟೋಪಿ ಹಾಕಿಕೊಂಡು ಬಂದವರಿಗೆ ಮನೆ ತೋರಿಸುತ್ತಿದ್ದಳು. ಬಿಡುತ್ತಾಳೆ ಎಂದುಕೊಂಡಿದ್ದೆ, ಬಿಟ್ಟಿರಲಿಲ್ಲ. ಇದು ಜಗಲಿ, ಇದು ಮಲಗುವ ಕೋಣೆ, ಇದು ಒಲೆಗೂಡು. ಅಗಲ ಟೋಪಿಯ ಒಬ್ಬ ಹೆಂಗಸು ಗುಂಪಿನಿಂದ ಮುಂದೆ ಬಂದು ಕೇಳಿದಳು: ಇಷ್ಟು ದೊಡ್ಡ ಸಂಸಾರಕ್ಕೆ ಅಡುಗೆ ಮಾಡುತ್ತಿದ್ದವರು ಯಾರು?

ಪದ್ಮ ಬೋರ್ಡಿನ ಕಡೆ ನೋಡಿದಳು. ರಮೇಶರ ಕಡೆ ನೋಡಿದಳು.

"ಒಬ್ಬ ಮನುಷ್ಯನಿದ್ದ. ಚೀನಾದಿಂದ ಬಂದವನು. ಅವನು ಉಂಡ ಬಟ್ಟಲು ಅಲ್ಲಿ, ಹಿಂದೆ, ಒಡೆದು ಬಿದ್ದಿತ್ತು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ನಾವು ಅದನ್ನು ಗುಡಿಸಿ ಎಸೆದೆವು."

ಆ ಹೆಂಗಸು ಬೋರ್ಡಿನ ಕೊನೆಯ ಸಾಲನ್ನು ಓದಿದಳು. ಪದ್ಮಳನ್ನು, ನನ್ನ ಸೀರೆಯನ್ನು, ರಮೇಶರನ್ನು ನೋಡಿ ಅವಳ ಮುಖ ಅರಳಿತು. ಎಲ್ಲೋ ಕಲಿತಿದ್ದ ಹಾಗೆ ಎರಡೂ ಕೈ ಜೋಡಿಸಿ, "ಇಷ್ಟು ಸ್ವಚ್ಛವಾಗಿ ಇಟ್ಟಿದ್ದೀರಿ, ತುಂಬಾ ಧನ್ಯವಾದ," ಎಂದಳು.

ಪದ್ಮ ಅವಳಿಗೆ ತಿರುಗಿ ಕೈ ಮುಗಿದಳು.